ಕೆಟ್ಟ ಗಳಿಗೆಯ ಹೆಸರು

ಕೈಕೇಯಿ ಎಂದು ಮಗಳಿಗೆ ಹೆಸರಿಟ್ಟ ಮನೆಯನ್ನು ನಾನು ಈವರೆಗೆ ಕಂಡಿಲ್ಲ. ಗದಗ, ಹಾವೇರಿ, ಧಾರವಾಡ ಮೂರೂ ಕಡೆ ನಮ್ಮ ಬಳಗ ಹರಡಿಕೊಂಡಿದೆ. ಸೀತಾ ಇದ್ದಾಳೆ, ಊರ್ಮಿಳಾ ಇದ್ದಾಳೆ, ಕೌಸಲ್ಯಾ, ಸುಮಿತ್ರಾ ಇದ್ದಾರೆ. ಹಳೆಯ ತಲೆಮಾರಿನಲ್ಲಿ ದ್ರೌಪದವ್ವ ಕೂಡ ಇದ್ದರು. ಕೈಕೇಯಿ ಒಬ್ಬಳೂ ಇಲ್ಲ. ಯಾರನ್ನಾದರೂ ಬೈಯುವಾಗ ಮಾತ್ರ ಆ ಹೆಸರು ಬಾಯಿಗೆ ಬರುತ್ತದೆ.

ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡ ತೆಗೆದು ನೋಡಿ. ರಾಮನಿಗೆ ಪಟ್ಟ ಕಟ್ಟುತ್ತಾರೆ ಎಂಬ ಸುದ್ದಿಯನ್ನು ಮಂಥರೆ ತರುತ್ತಾಳೆ. ಆಗ ಕೈಕೇಯಿ ಮಾಡುವ ಮೊದಲ ಕೆಲಸ ಏನು ಗೊತ್ತಾ? ಖುಷಿಯಿಂದ ಒಂದು ಒಡವೆ ತೆಗೆದು ಮಂಥರೆಯ ಕೈಗಿಡುತ್ತಾಳೆ. ರಾಮ, ಭರತ ಎಂಬ ಭೇದ ನನಗೆ ಕಾಣುವುದಿಲ್ಲ ಎನ್ನುತ್ತಾಳೆ. ಆಮೇಲೆ ಮಂಥರೆಯ ಮಾತು ಕೆಲಸ ಮಾಡುತ್ತದೆ, ರಾತ್ರಿ ಎರಡು ವರಗಳ ಮಾತು ಬರುತ್ತದೆ, ಮುಂದಿನದು ಎಲ್ಲರಿಗೂ ಗೊತ್ತು. ಆದರೆ ಆ ಎರಡು ವರ ಎಲ್ಲಿಂದ ಬಂದವು? ದೇವಾಸುರರ ಯುದ್ಧದಲ್ಲಿ ಗಾಯಗೊಂಡು ಪ್ರಜ್ಞೆ ತಪ್ಪಿದ್ದ ದಶರಥನನ್ನು ರಣರಂಗದಿಂದ ಹೊರಗೆ ತಂದು ಬದುಕಿಸಿದವಳು ಇದೇ ಕೈಕೇಯಿ. ಅದಕ್ಕೆ ದಶರಥ ಕೊಟ್ಟ ಮಾತು ಅವು. ಅವಳ ಬಾಳಿನ ಕೆಟ್ಟ ಗಳಿಗೆಗೆ ಬೇಕಾದ ಬಲ ಬಂದದ್ದು ಅವಳ ಬಾಳಿನ ಅತಿ ಒಳ್ಳೆಯ ಗಳಿಗೆಯಿಂದ. ಒಂದು ನಮ್ಮ ನೆನಪಿನಲ್ಲಿ ಉಳಿಯಿತು. ಇನ್ನೊಂದನ್ನು ಹುಡುಕಿ ಓದಬೇಕು.

ನಳನ ಕಥೆ ನೋಡಿ. ಬಾಡದಲ್ಲಿ ಹುಟ್ಟಿ ಕಾಗಿನೆಲೆಯ ಹೆಸರನ್ನು ನಾಡಿಗೆಲ್ಲ ಮುಟ್ಟಿಸಿದ ಕನಕದಾಸರು ಅದನ್ನು ನಳಚರಿತ್ರೆ ಎಂದು ಷಟ್ಪದಿಯಲ್ಲಿ ಹಾಡಿದ್ದಾರೆ. ನಳ ಜೂಜಾಡಿ ರಾಜ್ಯ ಕಳೆದುಕೊಂಡ. ಹೆಂಡತಿಯನ್ನು ಪಣಕ್ಕೆ ಇಡಲಿಲ್ಲ, ಅದೊಂದು ನಿಜ. ಆದರೆ ಕಾಡಿನಲ್ಲಿ ಮಲಗಿದ್ದವಳ ಸೀರೆಯನ್ನೇ ಅರ್ಧ ಕತ್ತರಿಸಿ ಉಟ್ಟುಕೊಂಡು, ಅವಳನ್ನು ನಡುರಾತ್ರಿ ಒಬ್ಬಳನ್ನೇ ಬಿಟ್ಟು ಹೋದ. ಎಚ್ಚರಾದಾಗ ಸುತ್ತ ಯಾರೂ ಇಲ್ಲದ ಆ ಹೆಣ್ಣಿನ ಸ್ಥಿತಿ ಸುಮ್ನೆ ಒಂದು ನಿಮಿಷ ಯೋಚಿಸಿ. ಇಷ್ಟೆಲ್ಲ ಮಾಡಿದ ನಳ ಇವತ್ತು ನಮಗೆ ಯಾವುದರಿಂದ ಗೊತ್ತು? ಅಡುಗೆಯಿಂದ! ಮದುವೆ ಊಟ ಚೆನ್ನಾಗಿದ್ದರೆ ನಳಪಾಕ ಎನ್ನುತ್ತೇವೆ. ಖಾನಾವಳಿಗೂ ಆ ಹೆಸರು ಇಡುತ್ತೇವೆ.

ಇಬ್ಬರಿಗೂ ಯಾಕೆ ಇಷ್ಟು ವ್ಯತ್ಯಾಸ? ನಳನ ತಪ್ಪನ್ನು ಹೊರಲು ಕಥೆಯಲ್ಲಿ ಕಲಿ ಇದ್ದಾನೆ. ಕಲಿ ಮೈಯೊಳಗೆ ಹೊಕ್ಕಿದ್ದ, ಪಾಪ ಅವನೇನು ಮಾಡಿಯಾನು ಎಂದುಬಿಡುತ್ತೇವೆ. ಕೈಕೇಯಿಗೂ ಮಂಥರೆ ಇದ್ದಳು. ಆದರೆ ಅಲ್ಲಿ ಮಂಥರೆಯನ್ನೂ ಬೈದೆವು, ಕೈಕೇಯಿಯನ್ನೂ ಬೈದೆವು. ತಪ್ಪು ಹೆಣ್ಣಿಗೆ ಗಟ್ಟಿಯಾಗಿ ಅಂಟುತ್ತದೆ, ಗಂಡಿನ ಮೈಮೇಲಿಂದ ಜಾರಿಹೋಗುತ್ತದೆ. ಇದನ್ನು ನಾನು ಪುರಾಣದಲ್ಲಷ್ಟೇ ಅಲ್ಲ, ಹೊರಗೂ ನೋಡಿದ್ದೇನೆ, ನೀವೂ ನೋಡಿದ್ದೀರಿ ಅಲ್ವಾ.

ಈ ನಳನ ಕಥೆಯನ್ನು ಮಹಾಭಾರತದಲ್ಲಿ ಹೇಳುವುದು ಯಾರಿಗೆ ಎಂಬುದು ನನಗೆ ಬಹಳ ಮುಖ್ಯ ಅನಿಸುತ್ತದೆ. ವನವಾಸದಲ್ಲಿ ಕೂತಿರುವ ಧರ್ಮರಾಯನಿಗೆ. ಜೂಜಿನಲ್ಲಿ ತಮ್ಮಂದಿರನ್ನು, ತನ್ನನ್ನು, ಕೊನೆಗೆ ಹೆಂಡತಿಯನ್ನು ಸೋತು ಬಂದವನು ಅವನು. ನನ್ನಷ್ಟು ದುಃಖಿ ಯಾರಾದರೂ ಇದ್ದಾರಾ ಎಂದು ಕೇಳುತ್ತಾನೆ. ಬೃಹದಶ್ವ ಎಂಬ ಋಷಿ ನಳನ ಕಥೆ ಹೇಳುತ್ತಾನೆ, ಹೇಳಿ ಮುಗಿಸಿ ಪಗಡೆಯ ಗುಟ್ಟನ್ನೂ ಕಲಿಸಿಕೊಡುತ್ತಾನೆ. ಬೈಯಲೂ ಇಲ್ಲ, ಆದದ್ದು ಆಯಿತು ಬಿಡು ಅನ್ನಲೂ ಇಲ್ಲ.

ವ್ಯಾಸರಲ್ಲಿ ತಪ್ಪಿಗೊಂದು ತೂಕ ಇದೆ. ಧರ್ಮರಾಯನ ರಥ ನೆಲದಿಂದ ನಾಲ್ಕು ಬೆರಳು ಮೇಲೆ ನಿಲ್ಲುತ್ತಿತ್ತಂತೆ. ಅಶ್ವತ್ಥಾಮ ಸತ್ತ ಎಂದು ದ್ರೋಣನಿಗೆ ಸುಳ್ಳು ಹೇಳಿದ ಕೂಡಲೆ ಅದು ನೆಲಕ್ಕೆ ತಾಗಿತು. ಕೊನೆಯಲ್ಲಿ ಅದೇ ಸುಳ್ಳಿಗಾಗಿ ಅವನು ನರಕವನ್ನೂ ಒಂದಿಷ್ಟು ಹೊತ್ತು ನೋಡಬೇಕಾಯಿತು. ಅಲ್ಲಿಗೆ ಲೆಕ್ಕ ಮುಗಿಯಿತು. ತಪ್ಪನ್ನು ಮುಚ್ಚಿಡಲಿಲ್ಲ, ಅದೊಂದರಿಂದಲೇ ಅವನನ್ನು ಅಳೆಯಲೂ ಇಲ್ಲ. ಓದುವ ನಮ್ಮ ಕೈಯಲ್ಲಿ ಈ ತಕ್ಕಡಿ ಇಲ್ಲ. ಕುಂಭಕರ್ಣ ಎಂದರೆ ನಿದ್ದೆ. ದ್ರೋಣ ಎಂದರೆ ಏಕಲವ್ಯನ ಹೆಬ್ಬೆರಳು. ಸೀತೆಯನ್ನು ತಂದದ್ದು ತಪ್ಪು ಎಂದು ಕುಂಭಕರ್ಣ ಅಣ್ಣನ ಮುಖದ ಮೇಲೆ ಹೇಳಿದ್ದು ಎಷ್ಟು ಜನರಿಗೆ ನೆನಪಿದೆ?

ಕೆಟ್ಟ ಗಳಿಗೆ ಯಾಕೆ ಇಷ್ಟು ಉಳಿಯುತ್ತದೆ ಎಂಬುದಕ್ಕೆ ಒಂದು ಸಾದಾ ಕಾರಣ ಇದೆ. ಅದು ಚಿಕ್ಕದು, ಒಂದೇ ಉಸಿರಿನಲ್ಲಿ ಹೇಳಬಹುದು. ಒಬ್ಬ ಮನುಷ್ಯ ಮೂವತ್ತು ವರ್ಷ ನಿಯತ್ತಿನಿಂದ ಬದುಕಿದ ಎಂಬುದರಲ್ಲಿ ಕಥೆಯೇ ಇಲ್ಲ. ಒಂದು ರಾತ್ರಿ ಕದ್ದ ಎಂಬುದರಲ್ಲಿ ಕಥೆ ಇದೆ. ನಮ್ಮ ಊರಿನಲ್ಲಿ ಇಂಥದ್ದೊಂದು ಆಗಿತ್ತು.

ನಮ್ಮದು ರೋಣ ತಾಲೂಕಿನ ಎರೆ ಸೀಮೆ. ನಮ್ಮ ಕಡೆ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಹಗೇವು ಅಂದರೆ ನೆಲದೊಳಗೆ ತೋಡಿದ ಕಾಳಿನ ಗುಂಡಿ. ಬಾಯಿ ಚಿಕ್ಕದು, ಒಳಗೆ ದೊಡ್ಡದು. ಮೇಲೆ ಕಲ್ಲು ಮುಚ್ಚಿ ಮಣ್ಣು ಹಾಕಿಬಿಟ್ಟರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ತೆಗೆದ ಕೂಡಲೆ ಒಳಗೆ ಇಳಿಯುವ ಹಾಗಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ, ಇಳಿದವನು ಅಲ್ಲೇ ಉಸಿರುಗಟ್ಟಿ ಸಾಯುತ್ತಾನೆ. ಬಾಯಿ ತೆರೆದಿಟ್ಟು ಕಾಯಬೇಕು, ದೀಪ ಇಳಿಬಿಟ್ಟು ನೋಡಬೇಕು, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು.

1972ರ ಬರದಲ್ಲಿ ನಮ್ಮ ಊರಿನ ಒಬ್ಬ ಮನುಷ್ಯ ರಾತ್ರಿ ಬೇರೆಯವರ ಹಗೇವು ತೆಗೆದು ಜೋಳ ಕದ್ದ. ಸಿಕ್ಕಿಬಿದ್ದ. ಪಂಚರು ಕೂತರು, ದಂಡ ಹಾಕಿದರು, ಅವನು ಮುಂದಿನ ಸುಗ್ಗಿಗಳಲ್ಲಿ ಅದನ್ನು ತೀರಿಸಿದ. ಆದರೆ ಅವನ ಹೆಸರಿನ ಮುಂದೆ ಹಗೇವು ಬಂದು ಕೂತಿತು. ಅವನ ನಿಜವಾದ ಹೆಸರು ಇಲ್ಲಿ ಬೇಡ. ನಾನು ಹುಟ್ಟುವ ಹೊತ್ತಿಗೆ ಅದು ಹಳೆಯ ಕಥೆ, ಆದರೂ ನಾವು ಹುಡುಗರಿಗೆಲ್ಲ ಅವನು ಹಗೇವಿನವನೇ. ಅವನ ಮೊಮ್ಮಗನಿಗೂ ಸಾಲೆಯಲ್ಲಿ ಅದೇ ಹೆಸರು. ಆ ಹುಡುಗ ಬರಗಾಲ ನೋಡಿಲ್ಲ, ಹಗೇವನ್ನೂ ನೋಡಿಲ್ಲ. ಅಜ್ಜ ಭಜನೆಯಲ್ಲಿ ಶರೀಫರ ಪದ ಎತ್ತಿದರೆ ಊರೇ ಸುಮ್ಮನಾಗುತ್ತಿತ್ತಂತೆ. ಅದು ಅವನ ಹೆಸರಾಗಲಿಲ್ಲ.

ಈ ಕಥೆಯನ್ನು ಪೂರಾ ಹೇಳುತ್ತಿದ್ದವರು ನಮ್ಮ ಆಯಿ ಒಬ್ಬರೇ. ಆಯಿ ಅಂದರೆ ನಮ್ಮ ಅಪ್ಪನ ತಾಯಿ. ನಾವು ಅವನನ್ನು ಆ ಹೆಸರಿನಿಂದ ಕರೆದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಆ ರಾತ್ರಿ ದೀಪಾ ಇಳಿಬಿಟ್ಟು ನೋಡಾಕ ಅವಗ ಎಲ್ಲಿ ಪುರಸೊತ್ತಿತ್ತು? ಸಾಯಾಕ ತಯಾರಾಗೇ ಇಳದಿದ್ದ ಅಂವಾ. ಮನ್ಯಾಗ ಮೂರು ಕೂಸು ಇದ್ದುವು" ಎನ್ನುತ್ತಿದ್ದರು. ಇಷ್ಟು ಹೇಳಿ ಬಿಟ್ಟಿದ್ದರೆ ಅದು ಅವನ ಪರವಾಗಿ ವಕಾಲತ್ತು ಅಷ್ಟೇ ಆಗುತ್ತಿತ್ತು. ಅವರು ಅಲ್ಲಿಗೆ ಬಿಡುತ್ತಿರಲಿಲ್ಲ. "ಕಳಕೊಂಡವರೇನು ಸಾವಕಾರರಲ್ಲೋ ತಮ್ಮಾ. ಬಿತ್ತಾಕಂತ ಇಟ್ಟ ಕಾಳದು. ಆ ವರ್ಷ ಹಿಂಗಾರಿಗೆ ಸಾಲಾ ಮಾಡಿ ಬೀಜಾ ತಂದ್ರು. ಆ ಮನಿ ಸೊಸಿ ಕೊಳ್ಳಾಗಿಂದು ಮಾರಿದ್ಲು."

ಆ ಸೊಸೆಯ ಮಾತು ಊರಿನಲ್ಲಿ ಬೇರೆ ಯಾರ ಬಾಯಲ್ಲೂ ನಾನು ಕೇಳಿಲ್ಲ. ಊರಿಗೆ ಕಳ್ಳ ನೆನಪಿದ್ದಾನೆ, ಕಳೆದುಕೊಂಡವರು ನೆನಪಿಲ್ಲ. ನಾನು ಈ ಬರಹ ಬರೆಯುತ್ತಿರುವುದು ಇದೊಂದು ವಿಷಯಕ್ಕೆ. ಒಬ್ಬನನ್ನು ಅವನ ಕೆಟ್ಟ ಗಳಿಗೆಯ ಹೆಸರಿನಿಂದ ಕರೆದರೆ, ನೊಂದವರ ಪರವಾಗಿ ನಿಂತೆವು ಎಂದು ನಮಗೆ ಅನಿಸುತ್ತದೆ. ಆದರೆ ಆ ಹೆಸರಿನೊಳಗೆ ನೊಂದವರಿಗೆ ಜಾಗವೇ ಇರುವುದಿಲ್ಲ. ಅವನ ಹಸಿವೂ ಅದರಲ್ಲಿಲ್ಲ, ಆ ಸೊಸೆಯ ಕೊರಳಿನ ಬಂಗಾರವೂ ಇಲ್ಲ. ಎರಡನ್ನೂ ಹೇಳಬೇಕೆಂದರೆ ಆಯಿಯ ಹಾಗೆ ಕೂತು ಪೂರ್ತಿ ಹೇಳಬೇಕು.

ಇದರ ತಿರುವುಮುರುವು ಬೇಕೆಂದರೆ ಕರ್ಣನನ್ನು ನೋಡಿ. ಕನ್ನಡದಲ್ಲಿ ಕರ್ಣನಷ್ಟು ಅದೃಷ್ಟವಂತ ಪಾತ್ರ ಇನ್ನೊಂದಿಲ್ಲ. ಪಂಪನ ತಾಯಿಯ ತವರು ನಮ್ಮ ಅಣ್ಣಿಗೇರಿ, ಧಾರವಾಡ ಜಿಲ್ಲೆಯದೇ. ಆ ಪಂಪ 941ರ ಸುಮಾರಿಗೆ ಬರೆದ ಭಾರತದಲ್ಲಿ "ನೆನೆಯದಿರಣ್ಣ ಭಾರತದೊಳಿಂ ಪೆರರಾರುಮನೊಂದೆ ಚಿತ್ತದಿಂ ನೆನೆವೊಡೆ ಕರ್ಣನಂ ನೆನೆಯ" ಎಂದ. ಸಾವಿರ ವರ್ಷ ದಾಟಿದರೂ ಆ ಮಾತು ಹಾಗೇ ಇದೆ. ಆಮೇಲೆ ನಮ್ಮ ಹುಬ್ಬಳ್ಳಿ ಪಕ್ಕದ ಕೋಳಿವಾಡದ ಕುಮಾರವ್ಯಾಸ ಬಂದ. ನೀನು ಕುಂತಿಯ ಮಗ ಎಂದು ಕೃಷ್ಣ ಹೇಳಿದಾಗ ಕರ್ಣನ ಕೊರಳ ಸೆರೆ ಹಿಗ್ಗುತ್ತವೆ, ಕಣ್ಣಲ್ಲಿ ನೀರು ಬರುತ್ತದೆ. ತಾನು ರಾಜನಾಗಬಹುದು ಎಂದು ಅವನಿಗೆ ಮೊದಲು ಹೊಳೆಯುವುದಿಲ್ಲ. "ಅಕಟಾ ಕುರುಪತಿಗೆ ಕೇಡಾದುದು" ಎಂದು ಗೆಳೆಯನಿಗಾಗಿ ನೋಯುತ್ತಾನೆ. ಇದನ್ನು ಗಮಕಿಗಳು ಹಾಡುವಾಗ ನಾನು ಅತ್ತಿದ್ದೇನೆ. ಮುಂದೆಯೂ ಅಳುತ್ತೇನೆ.

ಆದರೆ ಮೂಲ ಭಾರತದ ಸಭಾಪರ್ವದಲ್ಲಿ, ತುಂಬಿದ ಸಭೆಯಲ್ಲಿ, ದ್ರೌಪದಿಯನ್ನು ಹಾದರಗಿತ್ತಿ ಎಂಬರ್ಥದ ಮಾತಿನಿಂದ ಕರೆದವನು ಇದೇ ಕರ್ಣ. ಅವಳ ಬಟ್ಟೆ ಸೆಳೆ ಎಂದು ದುಶ್ಶಾಸನನಿಗೆ ಹೇಳಿದವನೂ ಅವನೇ. ಕೈ ದುಶ್ಶಾಸನನದು, ಮಾತು ಕರ್ಣನದು. ಕೈ ಹಾಕಿದವನ ಹೆಸರು ಬೈಗುಳವಾಯಿತು. ಮಾತು ಆಡಿದವನ ಹೆಸರನ್ನು ಮಕ್ಕಳಿಗೆ ಇಡುತ್ತೇವೆ.

ಕರ್ಣನನ್ನೂ ಕೈಕೇಯಿಯ ಸಾಲಿಗೆ ನೂಕಬೇಕು ಎಂದು ನಾನು ಹೇಳುತ್ತಿಲ್ಲ. ಉದ್ಯೋಗಪರ್ವದಲ್ಲಿ ಕೃಷ್ಣನ ಮುಂದೆ ಕರ್ಣ ಒಂದು ಮಾತು ಹೇಳುತ್ತಾನೆ. ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಕಹಿ ಮಾತು ಆಡಿದೆ, ಅದಕ್ಕೆ ಈಗ ಬೇಯುತ್ತಿದ್ದೇನೆ ಎಂದು. ಅವನ ಭಕ್ತರು ಮರೆತಿದ್ದನ್ನು ಅವನು ಮರೆತಿರಲಿಲ್ಲ. ಅಲ್ಲಿಯೂ ದ್ರೌಪದಿಯ ಹೆಸರು ಎತ್ತುವುದಿಲ್ಲ, ಪಾಂಡವರಿಗೆ ಅಂದದ್ದು ಎನ್ನುತ್ತಾನೆ. ಅದು ನನ್ನನ್ನು ಚುಚ್ಚುತ್ತದೆ. ಆದರೂ ತಾನೇ ಬಾಯಿಬಿಟ್ಟು ಒಪ್ಪಿಕೊಂಡನಲ್ಲ, ಆ ಕಾರಣಕ್ಕೆ ಕರ್ಣ ನನಗೆ ಇನ್ನೂ ದೊಡ್ಡವನಾಗಿ ಕಾಣುತ್ತಾನೆ. ನಮ್ಮ ಸಭೆಗಳಲ್ಲಿ ಕರ್ಣನ ಕಣ್ಣೀರು ಹಾಡುವ ದಿನವೇ ಸಭಾಪರ್ವದ ಆ ಭಾಗವನ್ನೂ ಓದಲಿ ಎಂಬುದು ನನ್ನ ಬಹುದಿನದ ಆಸೆ. ಕೇಳುವವರಿಗೆ ಕಷ್ಟವಾಗುತ್ತದೆ. ಆಗಲಿ.

ಪಂಪನದೇ ಇನ್ನೊಂದು ಪದ್ಯ ಇದೆ, ಕಾವ್ಯದ ಕೊನೆಗೆ ಬರುತ್ತದೆ. "ಚಲದೊಳ್ ದುರ್ಯೋಧನಂ, ನನ್ನಿಯೊಳ್ ಇನತನಯಂ, ಗಂಡಿನೊಳ್ ಭೀಮಸೇನಂ" ಎಂದು, ಅಂದರೆ ಛಲಕ್ಕೆ ದುರ್ಯೋಧನ, ಸತ್ಯಕ್ಕೆ ಸೂರ್ಯನ ಮಗ ಕರ್ಣ, ಪೌರುಷಕ್ಕೆ ಭೀಮ ಎಂದು, ಒಬ್ಬೊಬ್ಬರನ್ನೇ ಎಣಿಸುತ್ತ ಹೋಗುತ್ತಾನೆ. ಶಲ್ಯ, ಭೀಷ್ಮ, ದ್ರೋಣ, ಅರ್ಜುನ, ಧರ್ಮಜ, ಎಲ್ಲರಿಗೂ ಅವರವರ ಒಳ್ಳೆಯ ಗುಣದಿಂದ ಒಂದೊಂದು ಜಾಗ. ಇವರಿಂದ ಭಾರತ ಲೋಕಪೂಜ್ಯವಾಯಿತು ಎನ್ನುತ್ತಾನೆ. ಅಷ್ಟು ದೊಡ್ಡ ಯುದ್ಧ ಬರೆದು ಮುಗಿಸಿ, ಸೋತವರನ್ನೂ ಗೆದ್ದವರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಹಾಗೆ ಹೇಳಲು ಎಂಥ ಮನಸ್ಸು ಬೇಕು! ಲಕ್ಕುಂಡಿಯ ಅತ್ತಿಮಬ್ಬೆಯ ಆಶ್ರಯ ಪಡೆದ ರನ್ನನೂ ಗದಾಯುದ್ಧದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನ ಬಾಯಲ್ಲಿ ಶತ್ರುವಿನ ಮಗ ಅಭಿಮನ್ಯುವಿನ ಹೊಗಳಿಕೆ ಆಡಿಸಿದ. ನಮ್ಮ ಹಳೆಯ ಕವಿಗಳ ದೊಡ್ಡತನ ಇದು. ಆದರೆ ಪಂಪನ ಆ ಪದ್ಯದಲ್ಲಿ ಹೆಣ್ಣಿನ ಹೆಸರು ಒಂದೂ ಇಲ್ಲ. ಪಂಪನ ಮೇಲೆ ಎಷ್ಟೇ ಪ್ರೀತಿ ಇದ್ದರೂ ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಧಾರವಾಡದಲ್ಲಿ ಬೆಳೆದ ಗಿರೀಶ ಕಾರ್ನಾಡರು 1964ರ ತಮ್ಮ ನಾಟಕದಲ್ಲಿ ತುಘಲಕನಿಗೆ ಇಂಥದ್ದೇ ಒಂದು ಕೆಲಸ ಮಾಡಿದರು. ಎರಡು ಹುಚ್ಚಾಟಗಳಿಂದ ಗಾದೆಯಾಗಿ ಹೋಗಿದ್ದ ದೊರೆಗೆ ಅವನ ಕನಸುಗಳನ್ನು ವಾಪಸ್ ಕೊಟ್ಟರು, ರಕ್ತ ಹತ್ತಿದ ಕೈಯನ್ನು ಮರೆಮಾಡಲಿಲ್ಲ. ಆದರೂ ಆಫೀಸಿನಲ್ಲಿ ಸಾಹೇಬರು ದಿನಕ್ಕೊಂದು ಆರ್ಡರ್ ಹೊರಡಿಸಿದರೆ ತುಘಲಕ್ ದರ್ಬಾರ್ ಎಂದೇ ಅನ್ನುತ್ತೇವೆ. ಒಳ್ಳೆಯ ನಾಟಕಕ್ಕೂ ಗಾದೆಯನ್ನು ಅಳಿಸಲು ಆಗುವುದಿಲ್ಲ.

ಇಂಗ್ಲಿಷಿನಲ್ಲಿ ಒಂದೇ ಒಂದು ಕೆಟ್ಟ ಗಳಿಗೆಯ ಮೇಲೆ ಕಟ್ಟಿದ ಪೂರ್ತಿ ಕಾದಂಬರಿ ಇದೆ. ಜೋಸೆಫ್ ಕಾನ್ರಾಡ್ 1900ರಲ್ಲಿ ಪ್ರಕಟಿಸಿದ ಲಾರ್ಡ್ ಜಿಮ್. ಜಿಮ್ ಎಂಬ ತರುಣ ಹಡಗಿನ ಅಧಿಕಾರಿ. ಹಡಗಿನಲ್ಲಿ 800 ಜನ ಯಾತ್ರಿಕರು ಮಲಗಿದ್ದಾರೆ. ಹಡಗು ಮುಳುಗುತ್ತದೆ ಎಂದುಕೊಂಡು ಅಧಿಕಾರಿಗಳು ದೋಣಿ ಇಳಿಸಿ ಓಡುತ್ತಾರೆ, ಕೊನೆಯ ಗಳಿಗೆಯಲ್ಲಿ ಜಿಮ್ ಕೂಡ ಹಾರಿಬಿಡುತ್ತಾನೆ. ಹಡಗು ಮುಳುಗುವುದಿಲ್ಲ. ಉಳಿದ ಜೀವನವೆಲ್ಲ ಆ ಒಂದು ಜಿಗಿತ ಅವನನ್ನು ಬಂದರಿನಿಂದ ಬಂದರಿಗೆ ಅಟ್ಟಿಸಿಕೊಂಡು ಬರುತ್ತದೆ. ಇದರ ಹಿಂದೆ 1880ರ ಒಂದು ನಿಜವಾದ ಘಟನೆ ಇದೆ. ಜೆಡ್ಡಾ ಎಂಬ ಹಡಗು 900ಕ್ಕೂ ಹೆಚ್ಚು ಹಜ್ ಯಾತ್ರಿಕರನ್ನು ಹೊತ್ತು ಹೊರಟಿತ್ತು. ಕ್ಯಾಪ್ಟನ್ ಮತ್ತು ಅಧಿಕಾರಿಗಳು ಅವರನ್ನು ನಡುಸಮುದ್ರದಲ್ಲಿ ಬಿಟ್ಟು ಪಾರಾದರು, ಹಡಗು ಮುಳುಗಿತು ಎಂದು ಬಂದು ಹೇಳಿದರು. ಆಮೇಲೆ ಅದೇ ಹಡಗು ಯಾತ್ರಿಕರ ಸಮೇತ ಏಡನ್ ಬಂದರಿಗೆ ಬಂತು. ಕಾನ್ರಾಡ್ ಜಿಮ್‌ನ ಒಳಗನ್ನು ತೋರಿಸಿದ ಬಗೆಗೆ ಕೈಮುಗಿಯಬೇಕು. ಆದರೆ ಆ 800 ಜನ? ಅವರು ಮಲಗಿದ್ದರು, ಬದುಕಿದರು, ಅಲ್ಲಿಗೆ ಅವರು ಮುಗಿದರು. ಅವರಲ್ಲಿ ಒಬ್ಬರಾದರೂ ಎದ್ದು ಕೂತು, ಖಾಲಿ ಕ್ಯಾಪ್ಟನ್ ಕೋಣೆ ನೋಡಿ ಏನೆಂದುಕೊಂಡರು ಎಂದು ಜಿಮ್‌ನನ್ನು ಕ್ಷಮಿಸುವವರೂ ಕೇಳುವುದಿಲ್ಲ, ಶಪಿಸುವವರೂ ಕೇಳುವುದಿಲ್ಲ.

ಪಾತ್ರಗಳ ಮಾತು ಇಷ್ಟಾಯಿತು. ಪಾತ್ರ ಬರೆಯುವವರಿಗೂ ಇದೇ ಗತಿ.

ಪಿ.ಜಿ. ವುಡ್‌ಹೌಸ್ ನಗಿಸುವ ಬರಹಗಾರ. 1940ರಲ್ಲಿ ಜರ್ಮನ್ ಸೇನೆ ಫ್ರಾನ್ಸಿಗೆ ನುಗ್ಗಿದಾಗ ಅಲ್ಲಿಯೇ ವಾಸವಿದ್ದ. ಸೆರೆ ಸಿಕ್ಕಿದ, ಒಂದು ವರ್ಷದ ಹತ್ತಿರ ಶಿಬಿರಗಳಲ್ಲಿ ಇದ್ದ. 1941ರ ಜೂನಿನಲ್ಲಿ ಬಿಟ್ಟರು. ಆಮೇಲೆ ಬರ್ಲಿನ್ ರೇಡಿಯೋದಿಂದ ಅಮೆರಿಕದ ಓದುಗರಿಗಾಗಿ ಐದು ಭಾಷಣ ಮಾಡಿದ. ಭಾಷಣದಲ್ಲಿ ಇದ್ದದ್ದು ಸೆರೆಮನೆಯ ತಮಾಷೆಗಳು. ಆದರೆ ಮಾತಾಡಿದ್ದು ನಾಜಿಗಳ ಮೈಕಿನ ಮುಂದೆ. ಲಂಡನ್ ಮೇಲೆ ಬಾಂಬು ಬಿದ್ದು ಮನೆಮಂದಿಯನ್ನು ಕಳೆದುಕೊಂಡವರಿಗೆ ಅದನ್ನು ಕೇಳಿ ಹೇಗಾಗಿರಬೇಡ? ಕೆಲವು ಗ್ರಂಥಾಲಯಗಳು ಅವನ ಪುಸ್ತಕ ತೆಗೆದುಹಾಕಿದವು. ದೇಶದ್ರೋಹಿ ಎಂದರು. ಬ್ರಿಟನ್ ಸರ್ಕಾರದ ಕಡೆಯಿಂದಲೇ ವಿಚಾರಣೆ ಆಗಿ, ಮೂರ್ಖತನ ಹೌದು, ದ್ರೋಹ ಅಲ್ಲ ಎಂಬ ತೀರ್ಮಾನಕ್ಕೆ ಬಂದರೂ ಅದನ್ನು ಹೊರಗೆ ಹೇಳಲಿಲ್ಲ. ಅವನು 1947ರಲ್ಲಿ ಅಮೆರಿಕಕ್ಕೆ ಹೋದವನು ಮತ್ತೆ ಇಂಗ್ಲೆಂಡಿಗೆ ಕಾಲಿಡಲೇ ಇಲ್ಲ. 1975ರ ಹೊಸ ವರ್ಷಕ್ಕೆ ಸರ್ ಪದವಿ ಕೊಟ್ಟರು, ಫೆಬ್ರುವರಿಯಲ್ಲಿ ತೀರಿಕೊಂಡ. ಅದೊಂದು ಹುಚ್ಚು ಕೆಲಸ ಆಗಿತ್ತು ಎಂದು ತಾನೇ ಬರೆದುಕೊಂಡಿದ್ದ. ನನ್ನ ಕೇಳಿದರೆ ಅವನಿಗೆ ಸಿಕ್ಕ ಶಿಕ್ಷೆ ತಪ್ಪಿಗಿಂತ ದೊಡ್ಡದು.

ಕ್ನುಟ್ ಹ್ಯಾಮ್ಸನ್ ವಿಷಯ ಹಾಗಲ್ಲ. ನಾರ್ವೆಯವನು, 1920ರ ನೊಬೆಲ್ ಪಡೆದವನು. 1943ರಲ್ಲಿ ಆ ಪದಕವನ್ನು ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್‌ಗೆ ಕೊಟ್ಟ. 1945ರ ಮೇ ತಿಂಗಳಲ್ಲಿ, ಎಲ್ಲ ಮುಗಿದ ಮೇಲೂ, ಹಿಟ್ಲರನನ್ನು ಹೊಗಳಿ ಪತ್ರಿಕೆಗೆ ಶ್ರದ್ಧಾಂಜಲಿ ಬರೆದ. ಇದನ್ನು ಒಂದು ಕೆಟ್ಟ ಗಳಿಗೆ ಎಂದು ಕರೆಯಲು ಬರುವುದಿಲ್ಲ. ವರ್ಷಗಟ್ಟಲೆ ನಡೆದ ದಾರಿಯ ಕೊನೆಯ ಹೆಜ್ಜೆ ಅದು, ಕಣ್ಣಿಗೆ ಬಿದ್ದದ್ದು ಆ ಹೆಜ್ಜೆ ಅಷ್ಟೇ. ಕೊನೆಯವರೆಗೂ ತಪ್ಪಾಯಿತು ಎನ್ನಲಿಲ್ಲ. ಅವನ ಕಾದಂಬರಿಗಳು ದೊಡ್ಡವು ಎಂಬುದು ಇದರಿಂದ ಸುಳ್ಳಾಗುವುದಿಲ್ಲ, ಆದರೆ ವುಡ್‌ಹೌಸನ ಪಕ್ಕದಲ್ಲಿ ಅವನನ್ನು ಕೂರಿಸಿ ಇಬ್ಬರದೂ ಒಂದೇ ಎಂದರೆ ನಾನು ಒಪ್ಪುವುದಿಲ್ಲ. ನಮ್ಮವರು ಯಾರಾದರೂ ಸಿಕ್ಕಿಬಿದ್ದರೆ ಅದೊಂದು ಗಳಿಗೆ ಅಷ್ಟೇ ಎನ್ನುತ್ತೇವೆ, ಆಗದವರು ಸಿಕ್ಕಿಬಿದ್ದರೆ ಮೊದಲಿನಿಂದಲೂ ಹಾಗೇ ಎನ್ನುತ್ತೇವೆ. ಯಾವುದು ಗಳಿಗೆ, ಯಾವುದು ಸ್ವಭಾವ ಎಂದು ನೋಡುವ ತಾಳ್ಮೆ ಬೇಕು.

ಆಲಿಸ್ ಮನ್ರೋ ವಿಷಯ ನನಗೆ ಎಲ್ಲಕ್ಕಿಂತ ಕಷ್ಟದ್ದು. ಕೆನಡಾದ ಸಣ್ಣಕಥೆಗಾರ್ತಿ, 2013ರ ನೊಬೆಲ್. ಸಣ್ಣ ಊರಿನ ಹೆಂಗಸರ ಮನಸ್ಸನ್ನು ಅವರಷ್ಟು ಬಲ್ಲವರು ಕಡಿಮೆ. 2024ರ ಮೇ ತಿಂಗಳಲ್ಲಿ ತೀರಿಕೊಂಡರು. ಜುಲೈನಲ್ಲಿ ಅವರ ಮಗಳು ಪತ್ರಿಕೆಯಲ್ಲಿ ಬರೆದರು. ಒಂಬತ್ತು ವರ್ಷದವಳಿದ್ದಾಗ ಮಲತಂದೆ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದು, 1992ರಲ್ಲಿ ಅದನ್ನು ತಾಯಿಗೆ ಪತ್ರದಲ್ಲಿ ತಿಳಿಸಿದ್ದು, ತಾಯಿ ಸ್ವಲ್ಪ ಕಾಲ ದೂರ ಇದ್ದು ಮತ್ತೆ ಅವನ ಜೊತೆಗೇ ಹೋಗಿ ಬಾಳಿದ್ದು. 2005ರಲ್ಲಿ ಅವನು ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡಿದ್ದ. ಆಗಲೂ ಮನ್ರೋ ಅವನನ್ನು ಬಿಡಲಿಲ್ಲ.

ಇದು ಹೊರಬಿದ್ದ ಮೇಲೆ ಲೋಕದಲ್ಲೆಲ್ಲ ಎದ್ದ ಪ್ರಶ್ನೆ ಒಂದೇ. ಇನ್ನು ಮನ್ರೋ ಕಥೆಗಳನ್ನು ಓದಬಹುದಾ, ಬಾರದಾ? ನನ್ನ ಗೆಳೆಯರೊಬ್ಬರು, ಧಾರವಾಡದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವವರು, ಇದೇ ಪ್ರಶ್ನೆ ಹಿಡಿದು ವಾರಗಟ್ಟಲೆ ಒದ್ದಾಡಿದರು. "ಪಾಠಾ ಮಾಡ್ಲೋ ಬಿಡ್ಲೋ ಹೇಳ್ರಿ" ಎಂದು ನನ್ನನ್ನೂ ಕೇಳಿದರು. ಅವರ ಒದ್ದಾಟ ನಿಜವಾದದ್ದು, ನನಗೆ ಅದರ ಮೇಲೆ ಗೌರವ ಇದೆ. ಆದರೆ ಆ ಚರ್ಚೆಯಲ್ಲೆಲ್ಲ ಇದ್ದದ್ದು ನಾವು, ನಮ್ಮ ಪುಸ್ತಕದ ಕಪಾಟು, ನಮ್ಮ ಓದಿನ ಸುಖ. ಇಷ್ಟು ವರ್ಷ ಮನೆಯವರು ಆ ಮಗಳನ್ನು ಪಕ್ಕಕ್ಕೆ ಸರಿಸಿದ್ದರು. ಈಗ ಓದುಗರು ಸರಿಸುತ್ತಿದ್ದೇವೆ. ಪಾಠ ಮಾಡ್ರಿ, ಆದರೆ ಅವಳ ಬರಹವನ್ನೂ ಜೊತೆಗೆ ಓದಿಸ್ರಿ ಎಂದೆ. ಅವರು ಹಾಗೇ ಮಾಡಿದರು. ಮನ್ರೋ ಕಥೆಗಳಲ್ಲಿ ಗೊತ್ತಿದ್ದೂ ಸುಮ್ಮನಿರುವ ಹೆಂಗಸರು ಬರುತ್ತಾರಲ್ಲ, ಆ ಮೌನ ವಿದ್ಯಾರ್ಥಿಗಳಿಗೆ ಈಗ ಬೇರೆ ರೀತಿ ಕೇಳಿಸುತ್ತಿದೆ ಎಂದು ಹೇಳಿದರು. ಕಥೆ ಚಿಕ್ಕದಾಗಲಿಲ್ಲ. ಇನ್ನೂ ಭಾರವಾಯಿತು.

ಇಲ್ಲಿಯವರೆಗೆ ತಪ್ಪು ಮಾಡಿದವರ ಮಾತಾಡಿದೆ. ತಪ್ಪೇ ಮಾಡದೆ, ಬೇರೆಯವರು ತಮ್ಮ ಮೇಲೆ ಎಸಗಿದ ಕೆಟ್ಟ ಗಳಿಗೆಯಲ್ಲೇ ಸಿಕ್ಕಿಕೊಂಡವರೂ ಇದ್ದಾರೆ. ದ್ರೌಪದಿ ಎಂದರೆ ನಮಗೆ ಸೀರೆ ಎಳೆದ ಚಿತ್ರ. ಆ ಸಭೆಯಲ್ಲಿ ಅವಳು ಕೇಳಿದ ಪ್ರಶ್ನೆ ಯಾವುದು? ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿದೆ? ಭೀಷ್ಮನಂಥ ಭೀಷ್ಮನೂ ಧರ್ಮ ಸೂಕ್ಷ್ಮ ಎಂದು ಹೇಳಿ ಜಾರಿಕೊಂಡ. ಇಡೀ ಸಭೆಯಲ್ಲಿ ಕಾನೂನು ಗೊತ್ತಿದ್ದವಳು, ಬಾಯಿ ಇದ್ದವಳು ಅವಳೊಬ್ಬಳೇ. ಕ್ಯಾಲೆಂಡರಿನ ಚಿತ್ರದಲ್ಲಿ ಆ ಪ್ರಶ್ನೆ ಬರೆಯಲು ಆಗುವುದಿಲ್ಲ, ಸೀರೆ ಬರೆಯಲು ಆಗುತ್ತದೆ.

ಧಾರವಾಡದಲ್ಲಿ ಇರುವವನಿಗೆ ಇಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರ ನೆನಪು ಬಾರದೆ ಇರದು. 2015ರ ಆಗಸ್ಟ್ 30, ಭಾನುವಾರ ಬೆಳಗ್ಗೆ, ಕಲ್ಯಾಣನಗರದ ಮನೆಯ ಬಾಗಿಲಲ್ಲಿ ಅವರನ್ನು ಗುಂಡು ಹೊಡೆದು ಕೊಂದರು. ಹೊರಗಿನ ಬಹಳ ಜನರಿಗೆ ಕಲಬುರ್ಗಿ ಎಂದರೆ ಆ ಬೆಳಗು. ಇಲ್ಲಿಯ ಹುಡುಗರಿಗೂ ಈಗ ಅಷ್ಟೇ ಗೊತ್ತು. ಗುಂಡು ಹೊಡೆದವನು ಜೀವ ತೆಗೆದದ್ದು ಸಾಲದು ಎಂದು ಹೆಸರನ್ನೂ ತನ್ನದಾಗಿಸಿಕೊಂಡ ಹಾಗೆ ಆಗಿದೆ. ಇದಕ್ಕೆ ನನಗೆ ಸಿಟ್ಟಿದೆ.

ಅವರ ಬಾಳಿನಲ್ಲಿ ಅವರೇ ಕೆಟ್ಟದ್ದು ಎಂದು ಕರೆದ ಗಳಿಗೆ ಬೇರೆ. 1989ರಲ್ಲಿ, ಮಾರ್ಗ ಎಂಬ ತಮ್ಮ ಸಂಶೋಧನಾ ಲೇಖನಗಳ ಸಂಪುಟದಲ್ಲಿ ಬರೆದಿದ್ದ ಕೆಲವು ಮಾತುಗಳನ್ನು ಒತ್ತಡಕ್ಕೆ ಮಣಿದು ಹಿಂದಕ್ಕೆ ತೆಗೆದುಕೊಂಡರು. ಮನೆಯವರ ಜೀವಕ್ಕಾಗಿ ಹಾಗೆ ಮಾಡಿದೆ, ಆದರೆ ಅದು ನನ್ನ ಬೌದ್ಧಿಕ ಆತ್ಮಹತ್ಯೆ ಎಂದು ಅವರೇ ಹೇಳಿಕೊಂಡಿದ್ದರು. ತನ್ನ ಬಗ್ಗೆ ಅಷ್ಟು ಗಟ್ಟಿ ಮಾತು ಆಡಿದ ಮೇಲೆ ಪೆನ್ನು ಕೆಳಗಿಟ್ಟರಾ? ಇನ್ನೂ ಇಪ್ಪತ್ತಾರು ವರ್ಷ ಬರೆದರು. ಮಾರ್ಗದ ಸಂಪುಟಗಳು ಬರುತ್ತಲೇ ಹೋದವು, 2006ರಲ್ಲಿ ನಾಲ್ಕನೆಯದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಶಾಸನ ಓದಿದರು, ವಚನಗಳನ್ನು ಪರಿಷ್ಕರಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾದರು. ಕೊನೆಯ ವರ್ಷಗಳಲ್ಲಿ ವಿಜಯಪುರದ ಆದಿಲ್‌ಶಾಹಿ ಕಾಲದ ಬರಹಗಳನ್ನು ಕನ್ನಡಕ್ಕೆ ತರುವ ಕೆಲಸ ಹಚ್ಚಿಕೊಂಡಿದ್ದರು. ಪಾರಸಿಯಲ್ಲಿ, ದಖನಿಯಲ್ಲಿ ಇದ್ದ ನಮ್ಮದೇ ನೆಲದ ಚರಿತ್ರೆ ನಮ್ಮ ಮಕ್ಕಳಿಗೆ ಓದಲು ಸಿಗಬೇಕು ಎಂದು, ಎಪ್ಪತ್ತು ದಾಟಿದ ಮೇಲೆ, ಅನುವಾದಕರನ್ನು ಕೂಡಿಸಿಕೊಂಡು ಕೂತಿದ್ದರು. ಅವರ ಕೊಲೆಯ ತಾರೀಖು ಗೊತ್ತಿದ್ದವರಲ್ಲಿ ಈ ಸಂಪುಟಗಳ ಹೆಸರು ಕೇಳಿದವರು ಎಷ್ಟು ಮಂದಿ? ಪ್ರತಿ ಆಗಸ್ಟಿನಲ್ಲಿ ಧಾರವಾಡದಲ್ಲಿ ಅವರ ನೆನಪು ಮಾಡುತ್ತೇವೆ, ಮಾಡಲೇಬೇಕು. ಅಲ್ಲಿಗೆ ಬರುವ ಕಾಲೇಜು ಹುಡುಗರ ಕೈಯಲ್ಲಿ ಮಾರ್ಗದ ಒಂದು ಸಂಪುಟ ಇರಲಿ. ಯಾವುದಾದರೂ ಒಂದು ಶಾಸನದ ಮೇಲಿನ ಅವರ ಲೇಖನವನ್ನು ಅಲ್ಲಿಯೇ ಕೂತು, ಗಟ್ಟಿಯಾಗಿ, ಮೊದಲಿನಿಂದ ಕೊನೆಯವರೆಗೆ ಓದಲಿ.